ಜೊತೆಯಲ್ಲಿ ಬಂದವರ ಸಹಿ

ಫೆಬ್ರವರಿ 20, ಗುರುವಾರ

ತಲೆನೋವು ಎಷ್ಟಿದೆ, ನಡಿಗೆ ಹೇಗಿದೆ, ವಾಂತಿ ಆಯಿತೇ ಎಂದು ದಿನಾ ಬರೆದಿಡಲು ಡಾಕ್ಟರು ಹೇಳಿದ್ದಾರೆ. ಬರೆದೆ: ತಲೆನೋವು ಇದೆ, ನಡಿಗೆ ಓರೆ, ವಾಂತಿ ಇಲ್ಲ. ಒಂದೇ ಸಾಲಿಗೆ ಮುಗಿದುಹೋಯಿತು. ತಂದದ್ದು ಇನ್ನೂರು ಪುಟದ ನೋಟ್‌ಬುಕ್ಕು. ಉಳಿದ ಪುಟ ಯಾಕೆ ದಂಡವಾಗಬೇಕು ಎಂದು ಮಿಕ್ಕಿದ್ದನ್ನೂ ಬರೆಯುತ್ತಿದ್ದೇನೆ. ಓದುವವರು ಯಾರೂ ಇಲ್ಲ, ಆದ್ದರಿಂದ ಅಕ್ಷರ ದುಂಡಗಿರಬೇಕೆಂಬ ತಾಪತ್ರಯವೂ ಇಲ್ಲ.

ಇವತ್ತು ಆಸ್ಪತ್ರೆಯಲ್ಲಿ, ರೇಡಿಯೇಶನ್ ಕೊಡುವಾಗ ತಲೆ ಅಲ್ಲಾಡದಿರಲೆಂದು ಮುಖದ ಅಚ್ಚು ತೆಗೆದರು. ಬಿಸಿನೀರಲ್ಲಿ ಅದ್ದಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಹಣೆಯಿಂದ ಭುಜದವರೆಗೆ ಎಳೆದು ಹಾಸಿ, ಅದು ಗಟ್ಟಿಯಾಗುವವರೆಗೆ ಇಬ್ಬರು ಆಚೀಚೆ ನಿಂತು ಒತ್ತಿ ಹಿಡಿದರು. ಮೂವತ್ತೆಂಟು ವರ್ಷ ಫೋಟೋ ಸ್ಟುಡಿಯೋ ನಡೆಸಿದವನು ನಾನು. ಗದ್ದ ಚೂರು ಮೇಲೆ, ನೋಟ ಇಲ್ಲಿ, ಅಲ್ಲಾಡಬೇಡಿ ಎಂದು ಊರಿನ ಅರ್ಧ ಜನಕ್ಕೆ ಹೇಳಿದ್ದೇನೆ. ಅದೇ ಮಾತನ್ನು ಇನ್ನೊಬ್ಬರು ನನಗೆ ಹೇಳಿದಾಗ ಸಿಟ್ಟು ಬಂತು. ಅಚ್ಚು ಮಾತ್ರ ಚೆನ್ನಾಗಿ ಬಂದಿದೆ. ನನ್ನ ಮೂಗು ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ.

ಕ್ಯಾನ್ಸರ್ ಮೊದಲು ಬಂದಿದ್ದು ಶ್ವಾಸಕೋಶಕ್ಕೆ, ಎರಡು ವರ್ಷದ ಹಿಂದೆ. ಅದರ ಕತೆ ಮುಗಿಯಿತು ಎಂದುಕೊಂಡಿದ್ದೆ. ಈ ಜನವರಿಯಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆ ಬಂದ ಗಿರಾಕಿಗೆ ಎರಡು ತಲೆ ಕಂಡವು. ಲೆನ್ಸ್ ಒರೆಸಿದೆ, ಕನ್ನಡಕ ಒರೆಸಿದೆ, ಗಿರಾಕಿಯ ಮುಖ ಒರೆಸುವುದೊಂದು ಬಾಕಿ ಇತ್ತು. ಆಸ್ಪತ್ರೆಯಲ್ಲಿ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದು ನೋಡಿದರು. ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ತೆಳು ಪೊರೆಗೆ ಹರಡಿದೆಯಂತೆ. ನಮ್ಮ ಡಾಕ್ಟರು ಏನು ಕೇಳಿದರೂ 'ನೋಡೋಣ' ಎನ್ನುವವರು. ಇದೊಂದನ್ನು ಮಾತ್ರ ನೇರವಾಗಿ ಹೇಳಿದರು. ವಾಸಿಯಾಗುವುದಿಲ್ಲ. ತಲೆಯಿಂದ ಬೆನ್ನಿನ ತುದಿಯವರೆಗೆ ಹತ್ತು ದಿನ ರೇಡಿಯೇಶನ್ ಕೊಟ್ಟರೆ ಕೆಲವು ತಿಂಗಳು ತಡೆದು ನಿಲ್ಲಿಸಬಹುದು, ಸುಮ್ಮನಿದ್ದರೆ ಕೆಲವು ವಾರ.

ಆಮೇಲೆ ಫಾರಂ ತುಂಬಿಸಿದರು. ದಿನಾ ಬಂದು ಹೋಗುವ ರೋಗಿಯ ಜೊತೆ ಮನೆಯವರೊಬ್ಬರು ಇರಲೇಬೇಕು, ಚಿಕಿತ್ಸೆ ಮುಗಿದ ಮೇಲೆ ಹಾಳೆಯಲ್ಲಿ ಸಹಿ ಹಾಕಿ ಕರೆದುಕೊಂಡು ಹೋಗಬೇಕು. ಇಲ್ಲದಿದ್ದರೆ ವಾರ್ಡಿಗೆ ಸೇರಿಸುತ್ತಾರೆ. ಎಂಟು ಮಂಚದ ವಾರ್ಡು, ನೋಡಿಕೊಂಡು ಬಂದೆ. ಅಲ್ಲಿ ಮಲಗುವುದಕ್ಕಿಂತ ಎರಡು ತಲೆಯ ಗಿರಾಕಿಗಳೇ ವಾಸಿ. 'ಜೊತೆಯಲ್ಲಿ ಬರುವವರು' ಎಂಬಲ್ಲಿ ತಂಗಿ ಎಂದು ಬರೆದೆ. ಅವಳು ಇರುವುದು ಬಸ್ಸಿನಲ್ಲಿ ಮೂರು ಗಂಟೆಯ ದೂರದಲ್ಲಿ. ನಾವು ಮಾತು ಬಿಟ್ಟು ಹನ್ನೊಂದು ವರ್ಷ.

ಸುಳ್ಳು ಹೇಳಿದೆನೆಂದು ಅನ್ನಿಸುತ್ತಿಲ್ಲ. ತಂಗಿ ಇರುವುದಂತೂ ನಿಜ.

ಫೆಬ್ರವರಿ 26, ಬುಧವಾರ

ತಲೆನೋವು ಇದೆ. ನಡಿಗೆ ಓರೆ. ವಾಂತಿ ಒಂದು ಸಲ.

ಕಿರಣ ಎಲ್ಲೆಲ್ಲಿಗೆ ಎಷ್ಟು ಎಂಬ ಲೆಕ್ಕಾಚಾರ ಮುಗಿಸಲು ಆಸ್ಪತ್ರೆಯವರಿಗೆ ವಾರ ಬೇಕಂತೆ. ಅಲ್ಲಿಯವರೆಗೆ ನನಗೆ ಕೆಲಸವಿಲ್ಲ. ಸ್ಟುಡಿಯೋ ಕೆಳಗೆ, ನಾನು ಇರುವುದು ಮೇಲಿನ ಕೋಣೆಯಲ್ಲಿ. ಮಧ್ಯೆ ಹದಿನಾರು ಮೆಟ್ಟಿಲು. ಇಳಿಯುವಾಗ ಒಂದು ಕಣ್ಣು ಮುಚ್ಚಿಕೊಂಡರೆ ಮೆಟ್ಟಿಲು ಹದಿನಾರೇ ಇರುತ್ತವೆ, ತೆರೆದರೆ ಮೂವತ್ತೆರಡಾಗುತ್ತವೆ. ಒಂದು ಕಣ್ಣು ಮುಚ್ಚಿ ಬದುಕುವುದು ನನಗೆ ಹೊಸದಲ್ಲ, ಇಷ್ಟು ವರ್ಷ ಹೊಟ್ಟೆ ಹೊರೆದದ್ದೇ ಹಾಗೆ.

ಸಿದ್ಧವಾದ ಫೋಟೋಗಳ ಲಕೋಟೆಗಳ ಮೇಲೆ 'ಮಾರ್ಚ್ 14ರವರೆಗೆ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ' ಎಂದು ಬರೆದಿಟ್ಟೆ. ಕಾರಣ ಬರೆಯಲಿಲ್ಲ.

ಮಾರ್ಚ್ 3, ಸೋಮವಾರ

ಮೊದಲ ದಿನ.

ಯಂತ್ರದ ಕೋಣೆಯ ಬಾಗಿಲು ನನ್ನ ಒಂದು ಮೊಳಕ್ಕಿಂತ ದಪ್ಪ. ಒಳಗೆ ಹಲಗೆಯಂಥ ಮಂಚ. ಎದೆಯ ಮೇಲೆ ಅಚ್ಚು ತೆಗೆದ ದಿನ ಚುಚ್ಚಿದ್ದ ಹಚ್ಚೆಯ ಚುಕ್ಕೆಗೆ ಕೆಂಪು ಬೆಳಕಿನ ಗೆರೆ ಹೊಂದಿಸಿ, ಮುಖದ ಮೇಲೆ ಅಚ್ಚು ಇಟ್ಟು ಟಕ್ ಟಕ್ ಎಂದು ಮಂಚಕ್ಕೆ ಬಿಗಿದರು. ರೆಪ್ಪೆ ತೆರೆಯಲು ಜಾಗವಿಲ್ಲ, ತುಟಿ ಅಲ್ಲಾಡಿಸಲು ಜಾಗವಿಲ್ಲ. ಎಲ್ಲರೂ ಹೊರಗೆ ಹೋದರು. ಬಾಗಿಲು ಮುಚ್ಚುವ ಸದ್ದು ನಿಧಾನವಾಗಿ ಬಂದು, ಆಮೇಲೆ ಏನೂ ಇಲ್ಲ. ಅಷ್ಟು ಒಂಟಿಯಾಗಿ ನಾನು ಎಂದೂ ಇರಲಿಲ್ಲ. ಡಾರ್ಕ್ ರೂಮಿನಲ್ಲಿ ಎಷ್ಟೋ ವರ್ಷ ಒಬ್ಬನೇ ಇದ್ದವನು ಈ ಮಾತು ಬರೆಯುತ್ತಿದ್ದೇನೆ.

ಯಂತ್ರ ನಡೆಸುವಾಕೆ ಮೂವತ್ತು ದಾಟಿದ ಹೆಂಗಸು. ಹೊರಗೆ ಕುಳಿತು ಕ್ಯಾಮೆರಾದಲ್ಲಿ ನೋಡುತ್ತಾ ಮೈಕಿನಲ್ಲಿ ಮಾತಾಡುತ್ತಾಳೆ. ಮೈಕಮ್ಮ ಎಂದು ಹೆಸರಿಟ್ಟಿದ್ದೇನೆ, ಮನಸ್ಸಿನಲ್ಲಿ. "ಈಗ ತಲೆಗೆ. ಈಗ ಬೆನ್ನಿನ ಮೇಲ್ಭಾಗಕ್ಕೆ. ಈಗ ಕೆಳಭಾಗಕ್ಕೆ" ಎಂದು ಬಸ್ ಕಂಡಕ್ಟರಂತೆ ನಿಲ್ದಾಣ ಹೇಳುತ್ತಾ ಹೋದಳು.

ತಲೆಗೆ ಕೊಡುವಾಗ ಮುಚ್ಚಿದ ಕಣ್ಣೊಳಗೆ ನೀಲಿ ಬೆಳಕು ಮಿಂಚಿತು. ಜೊತೆಗೇ ಹೈಪೋ ವಾಸನೆ. ಫೋಟೋ ತೊಳೆಯುವ ಹೈಪೋ ದ್ರಾವಣದ ಅದೇ ಘಾಟು, ಸ್ಟುಡಿಯೋವನ್ನೇ ತಂದು ಮೂಗಿಗೆ ಹಿಡಿದಂತೆ. ಆಮೇಲೆ ಕೇಳಿದರೆ, ಕೆಲವರಿಗೆ ಹಾಗೆ ಬೆಳಕು ಕಾಣುತ್ತದೆ, ವಾಸನೆ ಬರುತ್ತದೆ, ಅಲ್ಲಿ ನಿಜವಾಗಿ ಏನೂ ಇರುವುದಿಲ್ಲ ಎಂದಳು.

ತಂಗಿ ಎಲ್ಲಿ ಎಂದು ಕೇಳಿದಳು. ಹೊರಗೆ ಕಾರಿನಲ್ಲಿದ್ದಾಳೆ ಎಂದೆ. ಒಳಗೆ ಬಂದು ಕೂರಬಹುದಲ್ಲ ಎಂದಳು. ಆಸ್ಪತ್ರೆಯ ವಾಸನೆ ಅವಳಿಗೆ ಆಗುವುದಿಲ್ಲ ಎಂದೆ. ಇದು ನಿಜ. ಅಮ್ಮನನ್ನು ಮೂರು ವರ್ಷ ಆಸ್ಪತ್ರೆಗೂ ಮನೆಗೂ ಹೊತ್ತು ತಿರುಗಿದವಳು, ಇನ್ನು ಜನ್ಮದಲ್ಲಿ ಇಂಥ ಕಟ್ಟಡದ ಮೆಟ್ಟಿಲು ಹತ್ತುವುದಿಲ್ಲ ಎಂದಿದ್ದಳು.

ಸಹಿಯ ಹಾಳೆ ಹಿಡಿದು ಕಾರಿಡಾರಿನ ತುದಿಗೆ ಹೋದೆ. ಕುಡಿಯುವ ನೀರಿನ ಟ್ಯಾಂಕಿನ ಹಿಂದೆ ನಿಂತು ಅವಳ ಸಹಿ ಹಾಕಿದೆ. ಕೊನೆಯ ಅಕ್ಷರಕ್ಕೆ ಒಂದು ಸುರುಳಿ, ಅದರ ಕೆಳಗೆ ಎರಡು ಚುಕ್ಕೆ. ಹೈಸ್ಕೂಲಿನಲ್ಲಿ ನೋಟ್‌ಬುಕ್ಕಿನ ಹಿಂದೆಲ್ಲ ಅಭ್ಯಾಸ ಮಾಡುತ್ತಿದ್ದಳು. ಕೌಂಟರಿನ ಗುಮಾಸ್ತ ತಲೆಯೆತ್ತಲೂ ಇಲ್ಲ, ಹಾಳೆ ಎಳೆದುಕೊಂಡು ಫೈಲಿಗೆ ಸೇರಿಸಿದ.

ಮಾರ್ಚ್ 4, ಮಂಗಳವಾರ

ಇವತ್ತು ಮಾನ ಹೋಯಿತು.

ತಲೆ ಮುಗಿದು ಬೆನ್ನಿನ ಸರದಿ. ಯಂತ್ರ ಗುಂಯ್ ಎನ್ನುತ್ತಿದ್ದಂತೆ ನಿಂತುಬಿಟ್ಟಿತು. ಬಾಗಿಲು ತೆರೆದು ಮೈಕಮ್ಮ ಓಡಿಬಂದಳು. ಎದೆ ಏರಿ ನಿಂತಲ್ಲೇ ನಿಂತಿದೆ, ಇಳಿಯುತ್ತಿಲ್ಲ, ಏನಾಯಿತು ಎಂದು ಗಾಬರಿ. ಏನೂ ಆಗಿರಲಿಲ್ಲ. ಅಲ್ಲಾಡಬೇಡಿ ಎಂದರಲ್ಲ, ನಾನು ಉಸಿರು ಬಿಗಿಹಿಡಿದಿದ್ದೆ. ಫೋಟೋ ತೆಗೆಯುವಾಗ ಅಲ್ಲಾಡಬೇಡಿ ಎಂದರೆ ಉಸಿರು ಹಿಡಿಯಿರಿ ಎಂದೇ ಅರ್ಥ. ಸಾವಿರಾರು ಜನ ನನ್ನ ಮುಂದೆ ಹಾಗೆ ಉಸಿರು ಹಿಡಿದು ಕುಳಿತಿದ್ದಾರೆ. ಅವರಿಗೆ ಅರೆಕ್ಷಣಕ್ಕೆ ಕ್ಲಿಕ್ ಎನ್ನುತ್ತಿತ್ತು. ಇಲ್ಲಿ ಕ್ಲಿಕ್ ಎನ್ನುವುದೇ ಇಲ್ಲ. ನಿನ್ನೆಯೂ ಆಗಾಗ ಹಿಡಿದು ಬಿಟ್ಟಿದ್ದೆ, ಯಾರಿಗೂ ಗೊತ್ತಾಗಿರಲಿಲ್ಲ.

"ಉಸಿರಾಡ್ತಾನೇ ಸುಮ್ನಿರಬೇಕು ಸರ್," ಎಂದಳು ಮೈಕಮ್ಮ. "ಮನೇಲಿ ಮಲಗಿರ್ತೀರಲ್ಲ, ಹಾಗೆ."

ಮನೆಯಲ್ಲಿ ಹೇಗೆ ಮಲಗಿರುತ್ತೇನೆಂದು ಯಾರು ನೋಡಿದ್ದಾರೆ? ಉಳಿದ ಹೊತ್ತೆಲ್ಲ ಅವಳು ಮೈಕಿನಲ್ಲಿ ಉಸಿರು ತಗೊಳ್ಳಿ, ಬಿಡಿ ಎಂದು ಹೇಳುತ್ತಲೇ ಇದ್ದಳು. ಅರವತ್ತೊಂದು ವರ್ಷದಿಂದ ಮಾಡುತ್ತಿರುವ ಕೆಲಸವನ್ನು ಹೇಳಿಕೊಡಬೇಕಾಗಿ ಬಂತು.

ತಂಗಿಯ ಕಾರು ಯಾವ ಬಣ್ಣ ಎಂದಳು. ನೀಲಿ ಎಂದೆ.

ಮಾರ್ಚ್ 6, ಗುರುವಾರ

ನಾಲ್ಕನೇ ದಿನ. ಸುಸ್ತು. ಬಾಯಲ್ಲಿ ಚಿಲ್ಲರೆ ಕಾಸು ಇಟ್ಟುಕೊಂಡಂಥ ರುಚಿ.

ಸುಳ್ಳಿಗೆ ಕೈಕಾಲು ಬಂದಿದೆ. ತಂಗಿ ಕಾರಿನಲ್ಲಿ ಕುಳಿತು ಏನು ಮಾಡುತ್ತಾಳೆ ಎಂದು ಮೈಕಮ್ಮ ಕೇಳಿದ್ದಕ್ಕೆ, ಗಣಿತದ ಮೇಷ್ಟ್ರು ಅವಳು, ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಾಳೆ ಎಂದೆ. ಮೇಷ್ಟ್ರು ಎನ್ನುವುದು ನಿಜ. ತೆಳ್ಳಗಿದ್ದಾಳೆ, ಮಾತು ಕಡಿಮೆ, ಯಾವಾಗಲೂ ನಗುಮುಖ ಎಂದೂ ಸೇರಿಸಿದೆ. ಇದು ಯಾವುದೂ ನಿಜವಲ್ಲ. ಗುಬ್ಬಿ ಎಂದು ಕರೆಯುತ್ತಿದ್ದೆವು, ಚಿಕ್ಕವಳಿದ್ದಾಗಿನಿಂದಲೇ ದುಂಡಗೆ ಇದ್ದಳು, ಬಾಯಿ ಮುಚ್ಚಿದ್ದು ಕಂಡವರಿಲ್ಲ.

ಚಿಕಿತ್ಸೆ ಆದ ಮೇಲೆ ಒಂದು ಪೊಟ್ಟಣ ಬಿಸ್ಕತ್ತು ಕೊಡುತ್ತಾರೆ. ಮೈಕಮ್ಮ ಇನ್ನೊಂದನ್ನು ಕೈಗಿಟ್ಟು "ಇದು ತಂಗಿಗೆ" ಎಂದಳು. ಎರಡನ್ನೂ ಚೀಲಕ್ಕೆ ಹಾಕಿದೆ. ನನ್ನದನ್ನು ಬಸ್ಸಿನಲ್ಲಿ ತಿಂದೆ. ಅವಳದನ್ನು ತಂದು ಅಮ್ಮನ ಫೋಟೋದ ಕೆಳಗಿನ ಕಪಾಟಿನಲ್ಲಿ ಇಟ್ಟಿದ್ದೇನೆ. ತಿಂದರೆ ಕದ್ದಂತಾಗುತ್ತದೆ.

ಮಾರ್ಚ್ 8, ಶನಿವಾರ

ಶನಿವಾರ, ಭಾನುವಾರ ಯಂತ್ರಕ್ಕೆ ರಜೆ. ರಜೆ ಬೇಡವಾಗಿತ್ತು. ಬೆಳಿಗ್ಗೆಯಿಂದ ನನ್ನ ಬಾಯಿಂದ ಒಂದು ಮಾತು ಹೊರಟಿಲ್ಲ. ಒಂದು ಸಲ ಕ್ಯಾಮೆರಾ ಸ್ಟ್ಯಾಂಡಿಗೆ ಕಾಲು ತಾಗಿ ಬೀಳುವಂತಾದಾಗ, ಸ್ವಲ್ಪ ಸರಿ ಮಾರಾಯ ಎಂದು ಅದಕ್ಕೇ ಹೇಳಿದೆ. ಒಂಟಿತನ ಅಂದರೆ ಇದೇ ಇರಬೇಕು. ಬರೆದುಬಿಟ್ಟೆ, ಹೇಗೂ ಯಾರೂ ಓದುವುದಿಲ್ಲ.

ಬಿಸ್ಕತ್ತಿನ ಪೊಟ್ಟಣ ಎರಡಾಗಿವೆ. ಅವನ್ನು ಜೋಡಿಸಿಡುವಾಗ ಅಮ್ಮನ ಫೋಟೋ ನೋಡಿದೆ.

ಒಳ್ಳೆಯ ಫೋಟೋ. ಅಮ್ಮ ಕುರ್ಚಿಯಲ್ಲಿ ಕುಳಿತು ಚೂರೇ ಚೂರು ನಗುತ್ತಿದ್ದಾಳೆ. ಅವಳು ಹೋಗುವ ಹಿಂದಿನ ವರ್ಷ ನಾನೇ ತೆಗೆದದ್ದು. ತೆಗೆದಾಗ ಪಕ್ಕದಲ್ಲಿ ಗುಬ್ಬಿ ನಿಂತಿದ್ದಳು, ಅಮ್ಮನ ಭುಜದ ಮೇಲೆ ಕೈಯಿಟ್ಟು. ಅಮ್ಮನಿಗೆ ಆಗ ನೆಟ್ಟಗೆ ಕೂರಲು ಆಗುತ್ತಿರಲಿಲ್ಲ, ಹಿಡಿದುಕೊಳ್ಳಬೇಕಿತ್ತು. ಅಮ್ಮ ಹೋದ ಮೇಲೆ ಗೋಡೆಗೆ ಹಾಕಲು ದೊಡ್ಡದು ಮಾಡುವಾಗ ಗುಬ್ಬಿಯನ್ನು ಅಂಚಿನಿಂದ ಆಚೆ ಬಿಟ್ಟೆ. ಗೋಡೆಯ ಮೇಲೆ ಬದುಕಿರುವವರು ಯಾಕೆ? ಆದರೆ ಭುಜದ ಮೇಲೆ ಅವಳ ನಾಲ್ಕು ಬೆರಳು ಉಳಿದವು. ನೋಡಲು ವಿಚಿತ್ರವಾಗಿತ್ತು, ಯಾರದೋ ಬೆರಳು ಎಲ್ಲಿಂದಲೋ ಬಂದಂತೆ. ತೆಳು ಕುಂಚ ಹಿಡಿದು ಎರಡು ದಿನ ಕುಳಿತು ಅವನ್ನು ಅಳಿಸಿದೆ. ಬಟ್ಟೆಯ ಮಡಿಕೆ ಸಹ ಹೊಸದಾಗಿ ಬರೆದೆ. ನನ್ನ ಜನ್ಮದಲ್ಲಿ ಅಷ್ಟು ಚೊಕ್ಕ ಟಚಿಂಗ್ ಮಾಡಿಲ್ಲ. ಭೂತಗನ್ನಡಿ ಹಿಡಿದರೂ ಅಲ್ಲಿ ಬೆರಳಿತ್ತು ಎನ್ನಲು ಸಾಧ್ಯವಿಲ್ಲ.

ಅದನ್ನೇ ಹೆಮ್ಮೆಯಿಂದ ಗುಬ್ಬಿಗೆ ತೋರಿಸಿದೆ. ಎಲ್ಲಿತ್ತು ಹೇಳು ನೋಡೋಣ ಎಂದೆ.

ಅವಳು ಬಹಳ ಹೊತ್ತು ನೋಡಿದಳು. "ಮೂರು ವರ್ಷ ಅಮ್ಮನ್ನ ಹಿಡ್ಕೊಂಡಿದ್ದು ನಾನು," ಎಂದಳು. "ನೀನು ವಾರಕ್ಕೊಂದು ಸಲ ಬಂದು ಫೋಟೋ ತೆಗ್ದೆ. ಈಗ ನನ್ನ ಕೈಯನ್ನೂ ಅಳಿಸ್ದೆ."

ಅವತ್ತು ಹೋದವಳು ಮತ್ತೆ ಬರಲಿಲ್ಲ. ಅಷ್ಟು ಸಣ್ಣದಕ್ಕೆ ಇಷ್ಟು ರಂಪವೇ ಎಂದುಕೊಂಡೆ. ಹನ್ನೊಂದು ವರ್ಷವೂ ಹಾಗೆಯೇ ಅಂದುಕೊಂಡಿದ್ದೆ. ಇವತ್ತು ಆ ಭುಜ ನೋಡುವಾಗ, ಹಿಡಿದುಕೊಳ್ಳುವವರಿಲ್ಲದೆ ಅಮ್ಮ ಹೇಗೆ ಕುಳಿತಿದ್ದಾಳೆ ಎಂದು ಅನುಮಾನ ಬಂತು. ಔಷಧಿಯ ಪ್ರಭಾವ ಇರಬೇಕು.

ಸುಮ್ಮನೆ ಕೂರಲಾರದೆ ನೆಗೆಟಿವ್ ಹುಡುಕಿದೆ. ನೆಗೆಟಿವ್‌ಗಳನ್ನೆಲ್ಲ ವರ್ಷವಾರು ಪೆಟ್ಟಿಗೆಗಳಲ್ಲಿ ಇಟ್ಟಿದ್ದೇನೆ, ಆದರೆ ಅಮ್ಮನದು ಆ ವರ್ಷದ ಪೆಟ್ಟಿಗೆಯಲ್ಲಿರಲಿಲ್ಲ. ಸಂಜೆಯ ಹೊತ್ತಿಗೆ ಸಿಕ್ಕಿತು, 'ಗಿರಾಕಿ ವಾಪಸ್ ಮಾಡಿದ್ದು' ಎಂದು ಬರೆದ ಡಬ್ಬಿಯಲ್ಲಿ. ಅಲ್ಲಿ ಹಾಕಿದ್ದು ನಾನೇ ಇರಬೇಕು.

ಮಾರ್ಚ್ 9, ಭಾನುವಾರ

ಡಾರ್ಕ್ ರೂಮಿನ ಬೀಗ ತೆಗೆದು ನಾಲ್ಕು ವರ್ಷವಾಗಿತ್ತು. ಈಗೆಲ್ಲ ಕಂಪ್ಯೂಟರಿನಲ್ಲೇ ಆಗುತ್ತದೆ. ಪುಡಿ ಕಲಸಿ ದ್ರಾವಣ ಮಾಡಿದೆ, ಕಾಗದ ಅವಧಿ ಮೀರಿದ್ದು. ಕೆಂಪು ದೀಪದಲ್ಲಿ ಒಂದು ಕಣ್ಣು ಮುಚ್ಚಿ ಫೋಕಸ್ ಮಾಡಿದೆ. ಕಾಲು ಜೋಮು ಹಿಡಿದು ಎರಡು ಸಲ ನೆಲದ ಮೇಲೆ ಕೂರಬೇಕಾಯಿತು. ಹೈಪೋ ವಾಸನೆ ಮೂಗಿಗೆ ಬಡಿದಾಗ ಉಸಿರು ತಗೊಳ್ಳಿ, ಬಿಡಿ ಎಂದು ಮೈಕಮ್ಮ ಹೇಳಿದಂತಾಯಿತು. ಈ ಸಲ ವಾಸನೆ ನಿಜವಾಗಿಯೂ ಇತ್ತು.

ಮೊದಲ ಮೂರು ಪ್ರಿಂಟು ಕೆಟ್ಟವು. ನಾಲ್ಕನೆಯದು ಸ್ವಲ್ಪ ಬೂದು, ಆದರೆ ಆದೀತು. ಟ್ರೇಯಲ್ಲಿ ಮೊದಲು ಅಮ್ಮನ ಕೂದಲು ಬಂತು, ಆಮೇಲೆ ಗುಬ್ಬಿಯ ಓಲೆ, ಕಡೆಗೆ ಬೆರಳುಗಳು. ಅಳಿಸಿದ್ದು ಎರಡು ದಿನ. ಬರಲು ಎರಡು ನಿಮಿಷ ಸಾಕಾಯಿತು.

ಅತ್ತುಬಿಟ್ಟೆ. ತಲೆನೋವಿಗೆ ಅಲ್ಲ.

ಮಾರ್ಚ್ 10, ಸೋಮವಾರ

ತಪ್ಪಾದ ಪ್ರಿಂಟನ್ನು ಹೊಸದಾಗಿ ಮಾಡಿ ಗಿರಾಕಿಯ ಮನೆಗೆ ಕಳಿಸುವುದು ನಮ್ಮ ಅಂಗಡಿಯ ನಿಯಮ. ನಿಯಮವೆಂದರೆ ನಿಯಮ, ಅದರಲ್ಲಿ ತಂಗಿ ಎಂಬ ವಿಶೇಷವಿಲ್ಲ. ಹಾಗಾಗಿ ಅಂಗಡಿಯ ಲಕೋಟೆಯಲ್ಲೇ ಹಾಕಿದೆ, ಕಾಗದ ಬರೆಯಲಿಲ್ಲ. ಎಲ್ಲ ಲಕೋಟೆಗಳ ಮೇಲಿದ್ದಂತೆ ಅದರ ಮೇಲೂ ಮಾರ್ಚ್ 14ರವರೆಗೆ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ ಎಂದಿತ್ತು. ಅದರ ಕೆಳಗೆ 'ಎರಡು ಗಂಟೆಗೆ ಕ್ಯಾನ್ಸರ್ ಆಸ್ಪತ್ರೆ, ಮೂರನೇ ಗೇಟು' ಎಂದು ಸೇರಿಸಿದೆ. ಗಿರಾಕಿಗೆ ಗೇಟಿನ ನಂಬರು ಯಾಕೆ ಬೇಕು ಎಂದು ಆಮೇಲೆ ಅನ್ನಿಸಿತು. ಅಷ್ಟರಲ್ಲಿ ಅಂಟು ಹಚ್ಚಿ ಅಂಚೆಗೆ ಹಾಕಿಯಾಗಿತ್ತು.

ಆರನೇ ದಿನ. ತಂಗಿ ಹೇಗಿದ್ದಾಳೆ ಎಂದಳು ಮೈಕಮ್ಮ. ಹೊಸ ಸುಳ್ಳಿನ ಬದಲು ತಲೆಯಾಡಿಸಲು ಹೋದೆ. ಆಗಲೇ ಅಚ್ಚು ಬಿಗಿದಿದ್ದರಿಂದ ತಲೆಯೂ ಆಡಲಿಲ್ಲ.

ಹಿಂದಿರುಗುವಾಗ ಆಶ್ಚರ್ಯ. ಅದೇ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಮೈಕಮ್ಮ ಕುಳಿತಿದ್ದಾಳೆ. ನೀಲಿ ಕಾರು ರಿಪೇರಿಗೆ ಹೋಗಿದೆ, ತಂಗಿ ಅದರ ಜೊತೆ ಹೋಗಿದ್ದಾಳೆ ಎಂದು ಬಾಯಿಗೆ ಬಂದದ್ದು ಹೇಳಿದೆ. "ಹೌದಾ ಸರ್" ಎಂದಳು. ಅವಳ ಮನೆಯೂ ಇತ್ತ ಕಡೆಯೇ ಅಂತೆ. ನನ್ನ ನಿಲ್ದಾಣದಲ್ಲೇ ಇಳಿದಳು. ಇಳಿಯುವಾಗ ನನ್ನ ಮೊಣಕೈ ಹಿಡಿದುಕೊಂಡಳು, ಮೆಟ್ಟಿಲು ಎತ್ತರ ಎಂದು ತನಗೇ ಹೇಳಿಕೊಳ್ಳುತ್ತಾ.

ಮಾರ್ಚ್ 11, ಮಂಗಳವಾರ

ಏಳನೇ ದಿನ. ಮೈಕಮ್ಮ ಇವತ್ತೂ ಅದೇ ಬಸ್ಸು. ಇಷ್ಟು ಹತ್ತಿರದವಳಾಗಿದ್ದೂ ಇಷ್ಟು ವರ್ಷ ಒಂದು ಪಾಸ್‌ಪೋರ್ಟ್ ಫೋಟೋಕ್ಕೂ ನನ್ನಲ್ಲಿಗೆ ಬರಲಿಲ್ಲವಲ್ಲ ಎಂದೆ. ಮುಂದಿನ ಸಲ ಬರುತ್ತೇನೆ ಎಂದಳು. ಅಂಗಡಿಯ ಬಾಗಿಲವರೆಗೂ ಬಂದು ನಾನು ಬೀಗ ತೆಗೆಯುವವರೆಗೆ ನಿಂತಿದ್ದಳು.

ಮೇಲೆ ಹೋಗಿ ಕಿಟಕಿಯಿಂದ ನೋಡಿದರೆ, ಅವಳು ರಸ್ತೆ ದಾಟಿ ಎದುರಿನ ನಿಲ್ದಾಣದಲ್ಲಿ ಆಸ್ಪತ್ರೆಯ ಕಡೆಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದಳು. ಏನೋ ಮರೆತು ಬಂದಿರಬೇಕು. ಪಾಪ, ದಿನವಿಡೀ ನಿಂತು ಕೆಲಸ ಮಾಡುವವಳು.

ಮಾರ್ಚ್ 12, ಬುಧವಾರ

ಎಂಟು. ವಾಂತಿ ಮೂರು ಸಲ. ರಕ್ತ ಕಡಿಮೆಯಾಗಿದೆಯಂತೆ. ನೋಡೋಣ ಎಂದರು.

ಲಕೋಟೆ ಇವತ್ತು ತಲುಪಿರಬೇಕು. ತಲುಪಿದ್ದರೆ ತಲುಪಿತು.

ಮಾರ್ಚ್ 13, ಗುರುವಾರ

ನಾಳೆ ಕೊನೆಯ ದಿನ. ಮನೆಯಲ್ಲಿ ಏನು ನೋಡಿಕೊಳ್ಳಬೇಕು, ಎಡಗಾಲು ಇನ್ನೂ ಸೋತರೆ ಏನು ಮಾಡಬೇಕು, ಯಾವ ಮಾತ್ರೆ ಎಷ್ಟು ಎಂದು ಡಾಕ್ಟರು ಮನೆಯವರನ್ನೇ ಎದುರಿಗೆ ಕೂರಿಸಿ ಹೇಳಬೇಕಂತೆ. ತಂಗಿ ಒಳಗೆ ಬರಲೇಬೇಕು. ಬರದಿದ್ದರೆ ನಾಳೆಯಿಂದಲೇ ವಾರ್ಡು. ಈ ಮಾತನ್ನು ಹೇಳುವಾಗ ಮೈಕಮ್ಮ ನನ್ನ ಮುಖ ನೋಡಲಿಲ್ಲ, ನೆಲ ನೋಡುತ್ತಿದ್ದಳು.

"ಬೇರೆ ಯಾರಾದ್ರೂ ಇದ್ರೂ ಪರವಾಗಿಲ್ಲ ಸರ್," ಎಂದಳು. "ಒಬ್ಬರು ಇದ್ರೆ ಸಾಕು."

ತಂಗಿ ಬಂದಿಲ್ಲ, ಒಂದು ದಿನವೂ ಬಂದಿಲ್ಲ ಎಂದು ಹೇಳಿಬಿಡೋಣ ಎನ್ನಿಸಿತು. ಬಾಯಿ ತೆರೆದೆ. ಅವಳೇ ಬರುತ್ತಾಳೆ ಎಂದೆ.

ಇಂದೂ ಬಸ್ಸಿನಲ್ಲಿ ಮೈಕಮ್ಮ ಹಿಂದಿನ ಸೀಟಿನಲ್ಲಿದ್ದಳು. ಕಪಾಟಿನಲ್ಲಿ ಆರು ಪೊಟ್ಟಣ ಬಿಸ್ಕತ್ತು. ವಾರ್ಡಿಗೆ ಏನೇನು ಒಯ್ಯಬೇಕೆಂದು ಚೀಲ ತುಂಬಿದೆ. ಎರಡು ಅಂಗಿ, ಹಲ್ಲುಜ್ಜುವ ಬ್ರಷ್ಷು, ಈ ನೋಟ್‌ಬುಕ್ಕು. ಬಿಸ್ಕತ್ತುಗಳನ್ನೂ ತುಂಬಿದೆ, ಇಲ್ಲಿ ಬಿಟ್ಟರೆ ಇರುವೆ ಬರುತ್ತವೆ.

ಹೆದರಿಕೆಯಾಗುತ್ತಿದೆ. ಸಾಯುವುದಕ್ಕಿಂತ ಹೆಚ್ಚಾಗಿ, ನಾಳೆ ಎರಡು ಗಂಟೆಗೆ ಆ ಗೇಟಿನ ಮುಂದೆ ಯಾರೂ ಇಲ್ಲದಿರುವುದಕ್ಕೆ.

ಮಾರ್ಚ್ 14, ಶುಕ್ರವಾರ

ಬಸ್ಸು ಇಳಿದಾಗ ಮೂರನೇ ಗೇಟಿನ ನಿಲ್ದಾಣದ ಬೆಂಚಿನ ಮೇಲೆ ಇಬ್ಬರು ದುಂಡನೆಯ ಹೆಂಗಸರು ಕುಳಿತಿದ್ದರು. ಇಬ್ಬರ ತಲೆಯೂ ಬಿಳಿ, ಇಬ್ಬರ ತೊಡೆಯ ಮೇಲೂ ನಮ್ಮ ಅಂಗಡಿಯ ಲಕೋಟೆ. ಒಂದು ಕಣ್ಣು ಮುಚ್ಚಿದೆ. ಒಬ್ಬಳಾದಳು.

"ಯಾರಿಗೆ ಕಣ್ಣು ಹೊಡೀತಿದೀಯಾ?" ಎಂದಳು ಗುಬ್ಬಿ.

ಪ್ರಿಂಟು ಸ್ವಲ್ಪ ಬೂದಾಗಿದೆ, ಕಾಗದ ಹಳೆಯದು ಎಂದೆ. ನೋಡಿದೆ ಎಂದಳು. ತನ್ನ ಬೆರಳು ಅಷ್ಟು ದಪ್ಪ ಇರಲಿಲ್ಲ ಎಂದಳು. ಸಿಟ್ಟು ಹೋಗಿಲ್ಲ ಎಂದೂ, ಹನ್ನೊಂದು ವರ್ಷದ ಸಿಟ್ಟು ಒಂದು ಲಕೋಟೆಗೆ ಹೋಗುವುದಿಲ್ಲ ಎಂದೂ ಹೇಳಿದಳು. ನಿನ್ನೆ ಲಕೋಟೆ ಕೈಗೆ ಬಂತಂತೆ, ಅದರ ಮೇಲೆ ಬರೆದದ್ದನ್ನು ಮೊದಲು ಓದಿ, ಒಳಗಿದ್ದದ್ದನ್ನು ಬಸ್ಸಿನಲ್ಲಿ ನೋಡಿದಳಂತೆ. ನಾನು ಓರೆಯಾಗಿ ನಿಂತಿದ್ದೆನೆಂದು ತೋರುತ್ತದೆ, ಎದ್ದು ಬಂದು ಭುಜ ಹಿಡಿದುಕೊಂಡಳು.

ಆದರೆ ಗೇಟಿನ ಹತ್ತಿರ ನಿಂತುಬಿಟ್ಟಳು. ಗಾಳಿಯಲ್ಲಿ ಆ ವಾಸನೆ ಅಲ್ಲಿಗೇ ಬರುತ್ತಿತ್ತು. ಅವಳ ಮುಖ ಬಿಳಿಚಿಕೊಂಡಿತು. "ಒಳಗೆ ಮಾತ್ರ ಆಗಲ್ಲ ಅಣ್ಣ. ಇಲ್ಲೇ ಕೂತಿರ್ತೀನಿ, ನೀನು ಹೋಗಿ ಬಾ." ಬಲವಂತ ಮಾಡಲು ನನಗೆ ಯಾವ ಹಕ್ಕಿದೆ? ಒಬ್ಬನೇ ಒಳಗೆ ಹೋದೆ.

ತಂಗಿ ಎಲ್ಲಿ ಎಂದು ಮೈಕಮ್ಮ ಕೇಳಲಿಲ್ಲ. ನಾನೇ ಹೇಳಿದೆ, ಹೊರಗಿದ್ದಾಳೆ ಎಂದು. "ಸರಿ ಸರ್" ಎಂದು ಅಚ್ಚು ಕೈಗೆತ್ತಿಕೊಂಡಳು. ಹಟ ಮಾಡುವ ಮಗುವಿಗೆ ಸರಿ ಎನ್ನುತ್ತಾರಲ್ಲ, ಆ ದನಿ.

"ಇವತ್ತು ನಿಜವಾಗ್ಲೂ ಇದಾಳೆ," ಎಂದೆ. "ಕಾರಿಲ್ಲ, ಅವಳಿಗೆ ಕಾರು ಓಡಿಸೋಕೇ ಬರಲ್ಲ. ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತಿದಾಳೆ. ತೆಳ್ಳಗಿಲ್ಲ. ನಗುಮುಖ ಅಂತೂ ಅಲ್ವೇ ಅಲ್ಲ."

ಅವಳ ಕೈ ಅಲ್ಲೇ ನಿಂತಿತು. ಆಮೇಲೆ ಅಚ್ಚು ಬಿಗಿದಳು, ಟಕ್ ಟಕ್. ಹೆಜ್ಜೆ ಸದ್ದು ದೂರವಾಯಿತು, ಬಾಗಿಲು ಮುಚ್ಚಿತು. ಮೈಕಿನಲ್ಲಿ ಒಂದು ಮಾತಿಲ್ಲ. ಐದು ನಿಮಿಷ, ಹತ್ತು ನಿಮಿಷ. ಯಂತ್ರವೂ ಶುರುವಾಗಲಿಲ್ಲ. ನಾನು ಹೇಳಿದ ಸುಳ್ಳುಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡು ಬಿದ್ದಿದ್ದೆ. ಡಾಕ್ಟರಿಗೆ ಹೇಳಲು ಹೋಗಿರಬೇಕು ಎಂದುಕೊಂಡೆ. ಯಾವಾಗ ಉಸಿರು ಹಿಡಿದೆನೋ ನನಗೇ ಗೊತ್ತಿಲ್ಲ.

ಮೈಕು ಕರಕರ ಎಂದಿತು.

"ಉಸಿರಾಡೋ ಅಣ್ಣ." ಮೂಗಿಗೆ ಬಟ್ಟೆ ಒತ್ತಿಕೊಂಡಿರುವವರ ದನಿ. "ಅದನ್ನೂ ನಾನೇ ಹೇಳ್ಕೊಡ್ಬೇಕಾ?"

ಅಚ್ಚಿನೊಳಗೆ ಅಳಲು ಜಾಗವಿಲ್ಲ. ಕಣ್ಣೀರು ಕಿವಿಯ ಕಡೆಗೆ ಹರಿಯಿತು, ಒರೆಸಿಕೊಳ್ಳುವ ಹಾಗಿಲ್ಲ. ಯಂತ್ರ ಗುಂಯ್ ಎಂದಿತು. ನೀಲಿ ಬೆಳಕು ಬಂತು, ಹೈಪೋ ವಾಸನೆ ಬಂತು. ಉಸಿರು ತಗೋ, ಬಿಡು ಎಂದು ಪಾಠ ಹೇಳುವ ದನಿಯಲ್ಲಿ ಅವಳು ಹೇಳುತ್ತಾ ಹೋದಳು. ನಾನು ಹೇಳಿದಂತೆ ಕೇಳಿದೆ. ಮೈಕಮ್ಮನೇ ಬಸ್‌ಸ್ಟಾಪಿಗೆ ಹೋಗಿ ಅವಳನ್ನು ಕರೆತಂದಿದ್ದಳಂತೆ. ಹೊರಗಿನವರನ್ನು ಅಲ್ಲಿ ಕೂರಿಸುವಂತಿಲ್ಲ, ಗೊತ್ತಾದರೆ ಮೈಕಮ್ಮನಿಗೆ ಬೈಗುಳ ಗ್ಯಾರಂಟಿ.

ಆಮೇಲೆ ಡಾಕ್ಟರ ಕೋಣೆಯಲ್ಲಿ ಗುಬ್ಬಿ ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ ಎಲ್ಲವನ್ನೂ ಬರೆದುಕೊಂಡಳು. ಎಷ್ಟು ತಿಂಗಳು ಎಂದು ನೇರವಾಗಿ ಕೇಳಿದಳು. ನೋಡೋಣ ಎಂದರು ಡಾಕ್ಟರು. ನೋಡೋಣ ಎಂದರೆ ಎಷ್ಟು ಎಂದಳು. ನಾಲ್ಕು, ಬಹಳವಾದರೆ ಆರು ಎಂದರು. ಅದನ್ನೂ ಬರೆದುಕೊಂಡಳು. ಶಾಲೆಯಲ್ಲಿ ರಜೆ ಕೇಳಬೇಕು ಎಂದು ತನಗೇ ಹೇಳಿಕೊಂಡಳು.

ಬಿಸ್ಕತ್ತು ಕೊಟ್ಟೆ. ಆರು ಪೊಟ್ಟಣವನ್ನೂ ತಿರುಗಿಸಿ ನೋಡಿ, ಒಂದನ್ನು ಒಡೆದು ಅರ್ಧ ನನಗೆ ಕೊಟ್ಟಳು.

ಕೌಂಟರಿನಲ್ಲಿ ಸಹಿಯ ಹಾಳೆ ಮುಂದಿಟ್ಟರು. ಹತ್ತು ಸಾಲು. ಒಂಬತ್ತರಲ್ಲಿ ಅವಳ ಸಹಿ, ಸುರುಳಿ, ಎರಡು ಚುಕ್ಕೆ, ಎಲ್ಲವೂ ಚೊಕ್ಕವಾಗಿ. ಹತ್ತನೆಯದು ಖಾಲಿ. ನನಗೆ ತಲೆಯೆತ್ತಲಾಗಲಿಲ್ಲ. ಅವಳು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ತಾರೀಖು ಓದಿದಳು. ಮೈಕಮ್ಮ ಪಕ್ಕದಲ್ಲೇ ನಿಂತಿದ್ದಳು.

ಗುಬ್ಬಿ ಚೀಲದಿಂದ ತನ್ನ ಕೆಂಪು ಪೆನ್ನು ತೆಗೆದಳು. ಹತ್ತನೇ ಸಾಲಿನಲ್ಲಿ ಸಹಿ ಹಾಕಿದಳು. ಅದರಲ್ಲಿ ಸುರುಳಿಯೂ ಇಲ್ಲ, ಚುಕ್ಕೆಯೂ ಇಲ್ಲ. ಯಾವಾಗಲೋ ಬದಲಾಯಿಸಿದ್ದಾಳೆ, ನನಗೆ ಗೊತ್ತಿರಲಿಲ್ಲ. ಆಮೇಲೆ ಮೇಲಿನಿಂದ ಶುರುಮಾಡಿ, ನಾನು ಹಾಕಿದ ಒಂದೊಂದು ಸಹಿಯ ಪಕ್ಕದಲ್ಲೂ ತನ್ನ ಸಹಿ ಹಾಕುತ್ತಾ ಬಂದಳು. ಮಾರ್ಚ್ ಮೂರು, ನಾಲ್ಕು, ಐದು, ಆರು.

"ಬರದೇ ಇದ್ದ ದಿನಕ್ಕೆ ಯಾಕೆ ಹಾಕ್ತೀಯ?" ಎಂದೆ.

"ಬರಬೇಕಾಗಿತ್ತು," ಎಂದಳು. ಒಂಬತ್ತನೆಯದನ್ನೂ ಮುಗಿಸಿ ಪೆನ್ನಿನ ಮುಚ್ಚಳ ಹಾಕಿದಳು.

ಗುಮಾಸ್ತ ತಲೆಯೆತ್ತದೆ ಹಾಳೆ ಎಳೆದುಕೊಂಡು ಫೈಲಿಗೆ ಸೇರಿಸಿದ.